ಹಾಲು ಸಾಲ್ತಿಲ್ಲ ಅನ್ನೋ ಮುಂಚೆ...

ಎದೆಹಾಲು ಕುಡಿಸೋದು ತಾನಾಗೇ ಬರುತ್ತೆ ಅಂತ ಎಲ್ಲರೂ ಅಂದುಕೊಳ್ತಾರೆ. ನಿಜ ಹೇಳಬೇಕೆಂದರೆ ಅದು ಅಮ್ಮ, ಮಗು ಇಬ್ಬರೂ ಸೇರಿ ಕಲಿಯೋ ವಿದ್ಯೆ. ಮೊದಲ ಎರಡು ವಾರ ದಾಟಿದರೆ ಅರ್ಧ ಗೆದ್ದಂತೆ!

ಡೆಲಿವರಿ ಆಗಿ ಎರಡನೇ ರಾತ್ರಿ. ಪಕ್ಕದಲ್ಲಿ ಮಗು ಒಂದೇ ಸಮನೆ ಅಳ್ತಿದೆ. ಈಗಷ್ಟೇ ಅರ್ಧ ಗಂಟೆ ಹಾಲು ಕುಡಿಸಿ ಮಲಗಿಸಿದ್ದೀರಿ, ನೀವು ಕಣ್ಣು ಮುಚ್ಚೋದರೊಳಗೆ ಮತ್ತೆ ಶುರು. ಮೊಲೆತೊಟ್ಟು ಉರಿ, ಹೊಲಿಗೆ ನೋವು ಬೇರೆ. ಅಷ್ಟರಲ್ಲಿ ನೋಡೋಕೆ ಬಂದವರು ಯಾರೋ ಆ ಮಾತು ಹೇಳೇಬಿಡ್ತಾರೆ: 'ಪಾಪ, ಹಾಲು ಸಾಲ್ತಿಲ್ಲ ಅನ್ಸುತ್ತೆ ಕಣಮ್ಮಾ. ಒಂದು ಡಬ್ಬಿ ತರಿಸಿಬಿಡಿ.'

ಎಷ್ಟೋ ಬಾಣಂತಿಯರ ಧೈರ್ಯ ಉಡುಗಿಸೋದು ಈ ಒಂದೇ ಮಾತು. ಹೇಳಿದವರಿಗೆ ಕೆಟ್ಟ ಉದ್ದೇಶ ಇರೋದಿಲ್ಲ. ಆದರೆ ಆ ಹೊತ್ತಿಗೆ ನಿಮ್ಮ ಎದೆಯಲ್ಲಿ ಮಗುವಿಗೆ ಬೇಕಾದಷ್ಟು ಹಾಲು ಇದ್ದೇ ಇರಬಹುದು. ಕೊರತೆ ಹಾಲಿನದಲ್ಲ, ಮಗು ಅದನ್ನು ಸರಿಯಾಗಿ ಎಳೆದುಕೊಳ್ಳೋದನ್ನು ಇನ್ನೂ ಕಲಿತಿಲ್ಲ, ಅಷ್ಟೇ. ಕಲಿಸೋದು ಹೇಗೆ? ಬನ್ನಿ, ಒಂದೊಂದಾಗಿ ನೋಡೋಣ.

ಮೊದಲ ಗಂಟೆ, ಮೊದಲ ಹಾಲು

ಹುಟ್ಟಿದ ಒಂದು ಗಂಟೆಯೊಳಗೆ ಮಗುವಿಗೆ ಎದೆಹಾಲು ಕೊಡಬೇಕು, ಮೊದಲ 6 ತಿಂಗಳು ಬರೀ ಎದೆಹಾಲು, ಆಮೇಲೆ ಬೇರೆ ಆಹಾರದ ಜೊತೆ 2 ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಎದೆಹಾಲು ಮುಂದುವರಿಸಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆದರೆ ನಮ್ಮಲ್ಲಿ ಆಗ್ತಿರೋದೇನು? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಶೇ 88.6ರಷ್ಟು ಹೆರಿಗೆ ಆಸ್ಪತ್ರೆಗಳಲ್ಲೇ ಆಗುತ್ತವೆ. ಆದರೂ ಮೊದಲ ಗಂಟೆಯೊಳಗೆ ಎದೆಹಾಲು ಸಿಗುವುದು ಶೇ 41.8ರಷ್ಟು ಮಕ್ಕಳಿಗೆ ಮಾತ್ರ. ಡಾಕ್ಟರು, ನರ್ಸು ಎಲ್ಲರೂ ಪಕ್ಕದಲ್ಲೇ ಇದ್ದರೂ!

ಆದ್ದರಿಂದ ಡೆಲಿವರಿಗೆ ಮುಂಚೆಯೇ ನಿಮ್ಮ ಡಾಕ್ಟರ ಹತ್ತಿರ ಹೇಳಿಟ್ಟುಬಿಡಿ: 'ಮಗು ಹುಟ್ಟಿದ ತಕ್ಷಣ ನನ್ನ ಎದೆ ಮೇಲೆ ಮಲಗಿಸಿ.' ಬರಿಮೈ ಮಗುವನ್ನು ಅಮ್ಮನ ಬರಿ ಎದೆಗೆ ಒರಗಿಸಿ ಮೇಲೆ ಬಟ್ಟೆ ಹೊದಿಸಿದರೆ ಮಗುವಿನ ಮೈ ಬೆಚ್ಚಗಿರುತ್ತದೆ, ಅದು ತಾನಾಗೇ ಎದೆ ಹುಡುಕೋಕೆ ಶುರು ಮಾಡುತ್ತದೆ. ಸಿಸೇರಿಯನ್ ಆದವರು ಕೂಡ ಕುಡಿಸಬಹುದು. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಆಪರೇಷನ್ ಮಾಡಿದ್ದರೆ ನಿಮಗೆ ಎಚ್ಚರ ಇರುತ್ತದಲ್ಲ, ಮಲಗಿದಲ್ಲೇ ನರ್ಸ್ ಸಹಾಯದಿಂದ ಶುರು ಮಾಡಬಹುದು.

ಮೊದಲ ಎರಡು ಮೂರು ದಿನ ಬರುವುದು ಗಟ್ಟಿಯಾದ ಹಳದಿ ಹಾಲು. ನಮ್ಮ ಕಡೆ ಗಿಣ್ಣು ಹಾಲು ಅಂತಾರೆ. ಇದನ್ನು ಕೆಟ್ಟ ಹಾಲು ಅಂತ ಹಿಂಡಿ ಚೆಲ್ಲೋ ಪದ್ಧತಿ ಕೆಲವು ಮನೆಗಳಲ್ಲಿ ಇತ್ತು. ದಯವಿಟ್ಟು ಒಂದು ಹನಿಯನ್ನೂ ಚೆಲ್ಲಬೇಡಿ. ಸೋಂಕಿನ ವಿರುದ್ಧ ಹೋರಾಡೋ ಅಂಶಗಳು ತುಂಬಿರೋ ಈ ಹಾಲೇ ಮಗುವಿನ ಮೊದಲ ಲಸಿಕೆ ಇದ್ದಂತೆ.

'ಆದರೆ ಬರೋದೇ ಇಷ್ಟಲ್ವಾ?' ಅಂತೀರಾ? ಹೌದು, ಅಷ್ಟೇ ಬರಬೇಕಾದದ್ದು. ಮೊದಲ ದಿನ ಒಂದು ಸಲಕ್ಕೆ ಮಗುವಿಗೆ ಸಿಗುವುದು ಸುಮಾರು 2ರಿಂದ 10 ಎಂಎಲ್ ಮಾತ್ರ. ಅಂದರೆ ಒಂದೆರಡು ಟೀ ಚಮಚ! ಅದರ ಪುಟಾಣಿ ಹೊಟ್ಟೆಗೆ ಅಷ್ಟು ಸಾಕು. ಎದೆ ತುಂಬಿ ಬರುವುದು ಸಾಮಾನ್ಯವಾಗಿ ಎರಡರಿಂದ ನಾಲ್ಕನೇ ದಿನದೊಳಗೆ. ಸಿಸೇರಿಯನ್ ಆದವರಿಗೆ ಇನ್ನೂ ಒಂದು ದಿನ ತಡವಾಗಬಹುದು. ಅಲ್ಲಿಯವರೆಗೆ ಎದೆ ಮೆತ್ತಗಿದೆ ಅಂತ ಗಾಬರಿ ಬೇಡ.

ಗುಟ್ಟು ಇರೋದು ಬಾಯಲ್ಲಿ!

ಮಗು ಬರೀ ತೊಟ್ಟನ್ನು ಚೀಪಿದರೆ ಹಾಲು ಸರಿಯಾಗಿ ಬರುವುದಿಲ್ಲ. ತೊಟ್ಟಿನ ಸುತ್ತ ಕಪ್ಪಗಿರೋ ಭಾಗದ ಬಹುಪಾಲು ಅದರ ಬಾಯೊಳಗೆ ಹೋಗಬೇಕು. ಬರೀ ತೊಟ್ಟು ಕಚ್ಚಿಕೊಂಡರೆ ನಿಮಗೆ ನೋವು, ಮಗುವಿಗೆ ಹಸಿವು. ಉರಿ, ಬಿರುಕು, ಅಳು, 'ಹಾಲು ಸಾಲ್ತಿಲ್ಲ' ಅನ್ನೋ ಮಾತು... ಇವುಗಳಲ್ಲಿ ಹೆಚ್ಚಿನದು ಶುರುವಾಗೋದು ಇಲ್ಲಿಂದಲೇ.

ಹೀಗೆ ಮಾಡಿ ನೋಡಿ. ಮಗುವಿನ ಮುಖ ಮಾತ್ರ ತಿರುಗಿಸಬೇಡಿ, ಇಡೀ ಮೈ ನಿಮ್ಮ ಕಡೆ ತಿರುಗಿರಲಿ. ಅದರ ಹೊಟ್ಟೆ ನಿಮ್ಮ ಹೊಟ್ಟೆಗೆ ತಾಗಬೇಕು. ಕಿವಿ, ಭುಜ, ಸೊಂಟ ಒಂದೇ ನೇರಕ್ಕೆ ಇರಬೇಕು. ಕತ್ತು ತಿರುಗಿಸಿಕೊಂಡು ನೀವೇ ಒಂದು ಲೋಟ ನೀರು ಕುಡಿದು ನೋಡಿ, ಎಷ್ಟು ಕಷ್ಟ ಅಂತ ಗೊತ್ತಾಗುತ್ತೆ! ಮಗುವಿನ ಮೂಗು ನಿಮ್ಮ ತೊಟ್ಟಿನ ನೇರಕ್ಕೆ ಬರುವಂತೆ ಹಿಡಿದು, ತೊಟ್ಟಿನಿಂದ ಅದರ ಮೇಲ್ತುಟಿಯನ್ನು ಮೆಲ್ಲಗೆ ಸವರಿ. ಆಕಳಿಸುವ ಹಾಗೆ ಬಾಯಿ ದೊಡ್ಡದಾಗಿ ತೆರೆಯೋವರೆಗೂ ಕಾಯಿರಿ. ತೆರೆದ ತಕ್ಷಣ ಮಗುವನ್ನು ಎದೆಗೆ ತನ್ನಿ, ಎದೆಯನ್ನು ಮಗುವಿನ ಕಡೆ ಬಗ್ಗಿಸಬೇಡಿ.

ಸರಿಯಾಗಿ ಹಿಡಿದಿದೆಯಾ ಅಂತ ತಿಳಿಯೋದು ಹೇಗೆ? ಮಗುವಿನ ಗಲ್ಲ ನಿಮ್ಮ ಎದೆಗೆ ಒತ್ತಿಕೊಂಡಿರುತ್ತದೆ. ಬಾಯಿ ಅಗಲ ತೆರೆದಿರುತ್ತದೆ. ಕೆಳತುಟಿ ಹೊರಗೆ ಮಡಚಿರುತ್ತದೆ. ಕಪ್ಪು ಭಾಗ ಮೇಲ್ತುಟಿಯ ಮೇಲೆ ಸ್ವಲ್ಪ ಹೆಚ್ಚು ಕಾಣುತ್ತದೆ, ಕೆಳಗೆ ಕಡಿಮೆ. ಮೊದಲು ಬೇಗ ಬೇಗ ಚೀಪಿ, ಆಮೇಲೆ ನಿಧಾನವಾಗಿ ಎಳೆದು 'ಗುಟುಕ್' ಅಂತ ನುಂಗೋದು ಕೇಳಿಸುತ್ತದೆ. ಶುರುವಿನ ಕೆಲವು ಸೆಕೆಂಡ್ ಎಳೆದಂತಾಗಬಹುದು. ಆದರೆ ಪೂರ್ತಿ ಹೊತ್ತು ಚುಚ್ಚುವ ನೋವಿದ್ದರೆ ಹಿಡಿತ ಸರಿಯಿಲ್ಲ ಅಂತ ಅರ್ಥ. ಹಲ್ಲು ಕಚ್ಚಿ ಸಹಿಸಬೇಡಿ! ಮಗುವಿನ ಬಾಯಿ ಅಂಚಿನಲ್ಲಿ ಶುಚಿಯಾದ ಕಿರುಬೆರಳು ತೂರಿಸಿ ಹಿಡಿತ ಬಿಡಿಸಿ, ಮತ್ತೆ ಮೊದಲಿನಿಂದ ಪ್ರಯತ್ನಿಸಿ. ಒಂದು ಸಲಕ್ಕೆ ನಾಲ್ಕೈದು ಬಾರಿ ಹೀಗೆ ಮಾಡಬೇಕಾಗಿ ಬಂದರೂ ಬೇಸರ ಬೇಡ. ಕಲಿಕೆ ಅಂದರೆ ಅದೇ ಅಲ್ಲವೇ?

ಕೂರೋದು ಹೇಗೆ?

ಬೆನ್ನಿಗೆ ದಿಂಬು ಇಟ್ಟು ಒರಗಿ ಕೂತುಕೊಳ್ಳಿ. ತೊಡೆ ಮೇಲೆ ಇನ್ನೊಂದು ದಿಂಬು ಇಟ್ಟು ಮಗುವನ್ನು ಎದೆಯ ಎತ್ತರಕ್ಕೆ ತನ್ನಿ. ಭುಜ ಸಡಿಲವಾಗಿರಲಿ. ಹೊಸದಾಗಿ ಕಲಿಯುವವರಿಗೆ ಸುಲಭವಾದ ಕ್ರಮ ಇದು: ಬಲಗಡೆ ಕುಡಿಸುವಾಗ ಎಡಗೈಯಲ್ಲಿ ಮಗುವಿನ ಬೆನ್ನು, ಕತ್ತು ಹಿಡಿಯಿರಿ, ಬಲಗೈಯಿಂದ ಎದೆಗೆ ಆಸರೆ ಕೊಡಿ. ತಲೆಯ ಹಿಂಭಾಗವನ್ನು ಒತ್ತಿ ಹಿಡಿಯಬೇಡಿ, ಮಗು ಸಿಟ್ಟಾಗಿ ತಲೆ ಹಿಂದಕ್ಕೆ ಎಳೆದುಕೊಳ್ಳುತ್ತದೆ.

ಸಿಸೇರಿಯನ್ ಹೊಲಿಗೆ ಇರುವವರು ಮಗುವನ್ನು ಕಂಕುಳ ಕೆಳಗೆ, ಪಕ್ಕಕ್ಕೆ ಹಿಡಿದು ಕುಡಿಸಬಹುದು. ಆಗ ಹೊಟ್ಟೆ ಮೇಲೆ ಭಾರ ಬೀಳೋದಿಲ್ಲ. ಇಲ್ಲವೇ ಒಂದು ಮಗ್ಗುಲಿಗೆ ಮಲಗಿ ಮಗುವನ್ನು ಎದುರಿಗೆ ಮಲಗಿಸಿಕೊಳ್ಳಬಹುದು. 'ಮಲಗಿ ಕುಡಿಸಬಾರದು, ಕಿವಿಗೆ ಹಾಲು ಹೋಗುತ್ತೆ' ಅಂತ ಹಿರಿಯರು ಹೇಳಬಹುದು. ಸರಿಯಾಗಿ ಪಕ್ಕಕ್ಕೆ ತಿರುಗಿಸಿ ಮಲಗಿಸಿದ್ದರೆ ಆ ಭಯ ಬೇಡ. ಆದರೆ ಕುಡಿಸ್ತಾ ನಿಮಗೇ ನಿದ್ದೆ ಹತ್ತದ ಹಾಗೆ ನೋಡಿಕೊಳ್ಳಿ. ರಾತ್ರಿ ಹೊತ್ತು ಯಾರಾದರೂ ಜೊತೆಗಿದ್ದು, ಕುಡಿದಾದ ಮೇಲೆ ಮಗುವನ್ನು ಎತ್ತಿಕೊಂಡು ತೇಗು ಬರಿಸಿ ಬೇರೆ ಮಲಗಿಸಿದರೆ ಒಳ್ಳೆಯದು. ಕುರ್ಚಿ, ಸೋಫಾದಲ್ಲಿ ಮಗುವನ್ನು ಎದೆಗೊರಗಿಸಿಕೊಂಡು ನಿದ್ದೆ ಹೋಗುವುದಂತೂ ಬೇಡವೇ ಬೇಡ.

ಗಡಿಯಾರ ನೋಡಬೇಡಿ, ಮಗು ನೋಡಿ

'ಎರಡು ಗಂಟೆಗೊಮ್ಮೆ, ಹತ್ತು ಹತ್ತು ನಿಮಿಷ' ಅನ್ನೋ ಲೆಕ್ಕ ಬಿಟ್ಟುಬಿಡಿ. ಎಳೆ ಮಗು 24 ಗಂಟೆಯಲ್ಲಿ 8ರಿಂದ 12 ಸಲ ಕುಡಿಯುತ್ತದೆ. ಅಳೋವರೆಗೂ ಕಾಯಬೇಡಿ. ನಾಲಿಗೆ ಹೊರಗೆ ಹಾಕೋದು, ಬಾಯಿ ಚಪ್ಪರಿಸೋದು, ಕೈ ಬಾಯಿಗೆ ಒಯ್ಯೋದು, ತಲೆ ಅತ್ತಿತ್ತ ತಿರುಗಿಸಿ ಹುಡುಕೋದು... ಇವೆಲ್ಲ 'ಅಮ್ಮಾ, ಹಸಿವಾಯ್ತು' ಅನ್ನೋ ಮಾತೇ. ಅಳು ಬರುವುದು ಕೊನೆಗೆ. ಅತ್ತು ಅತ್ತು ಸುಸ್ತಾದ ಮಗುವಿಗೆ ಬಾಯಿ ಸರಿಯಾಗಿ ಹಿಡಿಯೋಕೆ ಆಗೋದಿಲ್ಲ.

ಒಂದು ಕಡೆ ತಾನಾಗಿ ಬಿಡೋವರೆಗೂ ಕುಡಿಯಲಿ, ಆಮೇಲೆ ಇನ್ನೊಂದು ಕಡೆ ಕೊಡಿ. ಕುಡಿಯುತ್ತಾ ಹೋದಂತೆ ಬರೋ ಹಾಲಿನಲ್ಲಿ ಕೊಬ್ಬಿನ ಅಂಶ ಹೆಚ್ಚು, ಹೊಟ್ಟೆ ತುಂಬಿಸೋದು ಅದು. ಎರೆದು ಮಲಗಿಸಿದ ಮೇಲೆ ಮಗು ಗಂಟೆಗಟ್ಟಲೆ ನಿದ್ದೆ ಹೋಗುವುದುಂಟು. ಮೊದಲ ವಾರಗಳಲ್ಲಿ, ಹುಟ್ಟಿದಾಗಿನ ತೂಕ ಮತ್ತೆ ಬರೋವರೆಗೂ, 3 ಗಂಟೆಗಿಂತ ಹೆಚ್ಚು ಮಲಗಿದರೆ ಅಂಗಾಲು ಸವರಿ, ಬಟ್ಟೆ ಸಡಿಲಿಸಿ ಎಬ್ಬಿಸಿ ಕುಡಿಸಿ. ರಾತ್ರಿ ಹಾಲು ತಪ್ಪಿಸಬೇಡಿ. ಹಾಲು ಉತ್ಪಾದಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನ್ ರಾತ್ರಿ ಹೊತ್ತು ಹೆಚ್ಚಾಗಿರುತ್ತದೆ.

ಕೆಲವು ದಿನ ಸಂಜೆಯಾದರೆ ಸಾಕು, ಮಗು ಬಿಡದೆ ಕುಡಿಯುತ್ತಲೇ ಇರುತ್ತದೆ. ಎರಡು ಮೂರು ವಾರಕ್ಕೆ, ಮತ್ತೆ ಆರು ವಾರದ ಸುಮಾರಿಗೆ ಹೀಗಾಗೋದು ಸಾಮಾನ್ಯ. ಹಾಲು ಬತ್ತಿದೆ ಅಂತಲ್ಲ, ಮಗು ಬೆಳೀತಿದೆ, ನಾಳೆಗೆ ಹೆಚ್ಚು ಹಾಲು ಬೇಕು ಅಂತ ಈಗಲೇ ಆರ್ಡರ್ ಕೊಡ್ತಿದೆ ಅಷ್ಟೇ!

ಸಾಲ್ತಿದೆಯಾ? ಲಂಗೋಟಿ ಎಣಿಸಿ

ಎದೆಹಾಲಿಗೆ ಅಳತೆ ಗೆರೆ ಇಲ್ಲ. ಹಾಗಾಗಿ ಒಳಗೆ ಎಷ್ಟು ಹೋಯ್ತು ಅಂತ ಹೊರಗೆ ಬಂದದ್ದನ್ನು ನೋಡಿ ತಿಳಿಯಬೇಕು. ಮೊದಲ ದಿನ ಒಂದು ಸಲ, ಎರಡನೇ ದಿನ ಎರಡು ಸಲ ಮೂತ್ರ ಮಾಡಿದರೂ ಸಾಕು. ಐದನೇ ದಿನದಿಂದ 24 ಗಂಟೆಯಲ್ಲಿ 6 ಅಥವಾ ಹೆಚ್ಚು ಲಂಗೋಟಿ ಒದ್ದೆಯಾಗಬೇಕು. ಡೈಪರ್ ಹಾಕುವವರಿಗೆ ಈ ಲೆಕ್ಕ ಸಿಗೋದು ಕಷ್ಟ, ಮೊದಲ ಎರಡು ವಾರ ಹಳೇ ಕಾಟನ್ ಬಟ್ಟೆಯ ಲಂಗೋಟಿಯೇ ಒಳ್ಳೆಯದು. ಮೊದಲು ಕಪ್ಪಗಿರೋ ಮಲ ನಾಲ್ಕೈದು ದಿನದೊಳಗೆ ಹಳದಿಗೆ ತಿರುಗಬೇಕು.

ತೂಕದ ವಿಷಯ. ಹುಟ್ಟಿದ ಮಗು ಮೊದಲ ಕೆಲವು ದಿನ ಸ್ವಲ್ಪ ತೂಕ ಕಳೆದುಕೊಳ್ಳುವುದು ಸಹಜ. 3 ಕೆಜಿ ಮಗು 200 ಗ್ರಾಂ ಇಳಿದರೆ ಅದು ಶೇ 7ಕ್ಕೂ ಕಡಿಮೆ. ಇಳಿಕೆ ಶೇ 10ರ ಹತ್ತಿರ ಬಂದರೆ ಡಾಕ್ಟರು ನೋಡಲೇಬೇಕು. 10ರಿಂದ 14 ದಿನದೊಳಗೆ ಹುಟ್ಟಿದಾಗಿನ ತೂಕ ವಾಪಸ್ ಬರಬೇಕು.

ಎದೆ ಚಿಕ್ಕದು, ಹಾಲು ತಾನಾಗಿ ಸೋರಲ್ಲ, ಹಿಂಡಿದರೆ ಎರಡೇ ಹನಿ ಬರುತ್ತೆ, ಮಗು ಕುಡಿದ ಮೇಲೂ ಅಳುತ್ತೆ... ಇವು ಯಾವುವೂ ಹಾಲು ಸಾಲದು ಅನ್ನೋದಕ್ಕೆ ಸಾಕ್ಷಿಯಲ್ಲ. ಲಂಗೋಟಿ ಮತ್ತು ತೂಕದ ತಕ್ಕಡಿ, ಇವೆರಡನ್ನೇ ನಂಬಿ.

ಡಬ್ಬಿ ತೆರೆಯೋ ಮುಂಚೆ

ಸೇದುವ ಬಾವಿ ನೋಡಿದ್ದೀರಲ್ಲ? ಸೇದಿದಷ್ಟೂ ಒರತೆ. ಎದೆಯೂ ಹಾಗೇ. ಮಗು ಎಷ್ಟು ಎಳೆಯುತ್ತೋ ಅಷ್ಟು ಹಾಲು ಉತ್ಪತ್ತಿಯಾಗುತ್ತದೆ. ಮಧ್ಯೆ ಒಂದು ಬಾಟಲಿ ಡಬ್ಬಿ ಹಾಲು ಕೊಟ್ಟಿರಿ ಅಂದುಕೊಳ್ಳಿ. ಹೊಟ್ಟೆ ತುಂಬಿದ ಮಗು ಮೂರ್ನಾಲ್ಕು ಗಂಟೆ ಮಲಗುತ್ತದೆ. ಮನೆಯವರಿಗೆಲ್ಲ ಖುಷಿ, 'ನೋಡಿ, ಹಸಿವೇ ಇತ್ತು' ಅಂತಾರೆ. ಆದರೆ ಆ ಹೊತ್ತು ಎದೆಗೆ ಕೆಲಸ ಇಲ್ಲ. ಕೆಲಸ ಇಲ್ಲದಿದ್ದರೆ ಹಾಲು ಕಡಿಮೆ. ಕಡಿಮೆಯಾದ್ದರಿಂದ ಇನ್ನೊಂದು ಬಾಟಲಿ. ಬಾಟಲಿಯ ನಿಪ್ಪಲ್‌ನಲ್ಲಿ ಸುಲಭವಾಗಿ ಹಾಲು ಬರೋದರಿಂದ ಮಗುವೂ ಎದೆಯಲ್ಲಿ ಕಷ್ಟಪಡಲು ಒಪ್ಪದೇ ಇರಬಹುದು. ನಾಲ್ಕು ವಾರದೊಳಗೆ, ಇಲ್ಲದಿದ್ದ ಕೊರತೆ ನಿಜವಾಗಿಯೇ ಬಂದುಬಿಟ್ಟಿರುತ್ತದೆ!

ಈ ಡಬ್ಬಿಗಳಿಗೆ ಜಾಹೀರಾತು ಕೊಡುವುದನ್ನೇ ನಮ್ಮ ದೇಶದಲ್ಲಿ 1992ರ ಕಾಯ್ದೆ ನಿಷೇಧಿಸಿದೆ. 2003ರಲ್ಲಿ ಅದನ್ನು ಇನ್ನೂ ಬಿಗಿ ಮಾಡಲಾಯಿತು. ಹಾಲಿನ ಪುಡಿ, ಫೀಡಿಂಗ್ ಬಾಟಲ್, 2 ವರ್ಷದೊಳಗಿನ ಮಕ್ಕಳ ಆಹಾರ ಯಾವುದಕ್ಕೂ ಪ್ರಚಾರ ಮಾಡುವಂತಿಲ್ಲ. ತಾಯಿಯ ಹಾಲೇ ಶ್ರೇಷ್ಠ ಅಂತ ಡಬ್ಬಿಯ ಮೇಲೇ ಬರೆದಿರಬೇಕು.

ಹಾಗಂತ ಡಬ್ಬಿ ಹಾಲು ವಿಷ ಅಲ್ಲ. ಮಗು ತುಂಬಾ ತೂಕ ಕಳೆದುಕೊಂಡಾಗ, ರಕ್ತದಲ್ಲಿ ಸಕ್ಕರೆ ಅಂಶ ಇಳಿದಾಗ, ತಾಯಿ ಕೆಲವು ಔಷಧಿ ತೆಗೆದುಕೊಳ್ಳಬೇಕಾದಾಗ, ಎದೆಯ ಆಪರೇಷನ್ ಆಗಿದ್ದಾಗ ಡಾಕ್ಟರೇ ಬರೆದುಕೊಡಬಹುದು. ಆಗ ಅದನ್ನು ಕೊಡುವುದೇ ಸರಿ, ನಾಚಿಕೆ, ಪಾಪಪ್ರಜ್ಞೆ ಯಾವುದೂ ಬೇಡ. ಬಾಟಲಿ ಬದಲು ಒಳಲೆಯಲ್ಲೋ ಸಣ್ಣ ಲೋಟದಲ್ಲೋ ಕುಡಿಸಿ. ಕುದಿಸಿ ಶುಚಿ ಮಾಡಿದ ಒಳಲೆಯಲ್ಲಿ, ಮಗುವಿನ ತಲೆ ಎತ್ತಿ ಹಿಡಿದು, ಸ್ವಲ್ಪ ಸ್ವಲ್ಪವೇ ತುಟಿಗೆ ತಾಗಿಸಬೇಕು, ಬಾಯಿಗೆ ಸುರಿಯಬಾರದು. ಔಷಧಿಯ ಕಾರಣಕ್ಕೆ ಡಾಕ್ಟರು ಬೇಡ ಅಂದಿರದಿದ್ದರೆ, ಪ್ರತಿ ಸಲ ಮೊದಲು ಎದೆಗೆ ಹಾಕಿ, ಎಳೆಯದಿದ್ದರೆ ಹಾಲು ಹಿಂಡಿ ತೆಗೆದು ಅದನ್ನೇ ಕೊಡಿ. ಹಿಂಡಿದ ಹಾಲು ಹೊರಗೆ 4 ಗಂಟೆ, ಫ್ರಿಜ್‌ನ ಒಳಭಾಗದಲ್ಲಿ 24 ಗಂಟೆ ಇಡಬಹುದು. ಕಾಯಿಸಬಾರದು, ಬಿಸಿನೀರಿನ ಬಟ್ಟಲಲ್ಲಿಟ್ಟು ಬೆಚ್ಚಗೆ ಮಾಡಿದರೆ ಸಾಕು.

ಅವಧಿಗೆ ಮುಂಚೆ ಹುಟ್ಟಿ ಐಸಿಯುನಲ್ಲಿರುವ ಶಿಶುಗಳಿಗೆ ದಾನಿ ತಾಯಂದಿರ ಹಾಲು ಸಿಗೋ ವ್ಯವಸ್ಥೆಯೂ ಇದೆ. ಮುಂಬೈನ ಸಯಾನ್ ಆಸ್ಪತ್ರೆಯಲ್ಲಿ 1989ರಲ್ಲಿ ದೇಶದ ಮೊದಲ ಎದೆಹಾಲಿನ ಬ್ಯಾಂಕ್ ಶುರುವಾಯಿತು. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲಿ 2022ರಲ್ಲಿ ಇಂಥದ್ದೇ ಬ್ಯಾಂಕ್ ಆರಂಭವಾಯಿತು. ಅಗತ್ಯ ಬಿದ್ದರೆ ಮಕ್ಕಳ ಡಾಕ್ಟರ ಹತ್ತಿರ ಕೇಳಿ.

ಎದೆ ಕಟ್ಟಿದರೆ, ತೊಟ್ಟು ಒಡೆದರೆ

ಹಾಲು ತುಂಬಿ ಎದೆ ಕಲ್ಲಿನಂತಾದಾಗ ಮಗುವಿಗೆ ಹಿಡಿಯೋಕೇ ಆಗೋದಿಲ್ಲ. ಕುಡಿಸೋ ಮುಂಚೆ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಎರಡು ನಿಮಿಷ ಇಟ್ಟು, ಕೈಯಿಂದ ಸ್ವಲ್ಪ ಹಾಲು ತೆಗೆದು ಮೆತ್ತಗೆ ಮಾಡಿಕೊಳ್ಳಿ. ಕುಡಿಸಿದ ಮೇಲೆ ತಣ್ಣನೆ ಬಟ್ಟೆ ಇಡಿ. ಗಂಟು ಕರಗಲಿ ಅಂತ ಜೋರಾಗಿ ಉಜ್ಜಿಸಿಕೊಳ್ಳಬೇಡಿ, ಊತ ಹೆಚ್ಚಾಗುತ್ತದೆ.

ತೊಟ್ಟು ಬಿರುಕು ಬಿಟ್ಟಿದ್ದರೆ ಮೊದಲು ಮಗುವಿನ ಹಿಡಿತ ಸರಿಪಡಿಸಿ. ಕುಡಿಸಿದ ಮೇಲೆ ನಿಮ್ಮದೇ ಹಾಲಿನ ಒಂದು ಹನಿ ಸವರಿ ಗಾಳಿಗೆ ಒಣಗಲು ಬಿಡಿ. ಪ್ರತಿ ಸಲ ಸೋಪು ಹಾಕಿ ತೊಳೆಯುವುದು ಬೇಡ. ಹಿಡಿತ ಸರಿಯಿದ್ದೂ ನೋವು ಹೋಗದಿದ್ದರೆ ಮಗುವಿನ ನಾಲಿಗೆಯ ಕೆಳಗಿನ ಪೊರೆ ಬಿಗಿಯಾಗಿದೆಯಾ ಅಂತ ಡಾಕ್ಟರಿಗೆ ತೋರಿಸಿ. ಎದೆಯ ಒಂದು ಭಾಗ ಕೆಂಪಾಗಿ, ಚಳಿಜ್ವರ ಬಂದರೆ ಸೋಂಕಿರಬಹುದು, ತಡ ಮಾಡದೆ ಡಾಕ್ಟರ ಬಳಿ ಹೋಗಿ. ಆಗಲೂ ಹಾಲು ಕುಡಿಸೋದು ನಿಲ್ಲಿಸಬೇಕಿಲ್ಲ.

ಬಾಣಂತಿ ತಟ್ಟೆ

'ನೀರು ಕುಡಿದರೆ ಹೊಟ್ಟೆ ಬರುತ್ತೆ, ಸೊಪ್ಪು ತಿಂದರೆ ಮಗೂಗೆ ಭೇದಿ ಆಗುತ್ತೆ' ಅಂತ ಬಾಣಂತಿಯನ್ನು ಬರೀ ಅನ್ನ, ಮೆಣಸಿನ ಸಾರಿನಲ್ಲೇ ಇಡೋ ಮನೆಗಳಿವೆ. ಆದರೆ ಮೊದಲ 6 ತಿಂಗಳು ಹಾಲುಣಿಸುವ ತಾಯಿಗೆ ದಿನಕ್ಕೆ ಸುಮಾರು 600 ಕ್ಯಾಲೊರಿ ಹೆಚ್ಚಿಗೆ ಬೇಕು ಅನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ. ಅಂದರೆ ಒಂದು ಹೊತ್ತಿನ ಊಟದಷ್ಟು! ಬೇಳೆ, ಸೊಪ್ಪು, ಮೊಟ್ಟೆ, ಹಾಲು, ಮೊಸರು, ಹಣ್ಣು ಎಲ್ಲ ತಿನ್ನಿ. ಬಾಯಾರಿದಾಗಲೆಲ್ಲ ನೀರು ಕುಡಿಯಿರಿ, ಪ್ರತಿ ಸಲ ಕುಡಿಸೋಕೆ ಕೂರುವಾಗ ಪಕ್ಕದಲ್ಲೊಂದು ಲೋಟ ಇರಲಿ.

ಬೆಳ್ಳುಳ್ಳಿ, ಮೆಂತ್ಯ, ಸಬ್ಬಸಿಗೆ ಸೊಪ್ಪು, ಅಂಟಿನುಂಡೆ ಇವನ್ನೆಲ್ಲ ನಮ್ಮ ಅಜ್ಜಿಯರು ಪ್ರೀತಿಯಿಂದ ಮಾಡಿಕೊಡುತ್ತಾರೆ. ಅಡುಗೆಯಷ್ಟು ಪ್ರಮಾಣದಲ್ಲಿ ಖಂಡಿತ ತಿನ್ನಿ. ಆದರೆ ಹಾಲು ಹೆಚ್ಚಿಸೋ ಮೊದಲ ಮದ್ದು ಮಗುವಿನ ಬಾಯಿ ಅನ್ನೋದು ಮರೆಯಬೇಡಿ.

ಮಗುವಿಗೆ ಮಾತ್ರ 6 ತಿಂಗಳು ಬೇರೇನೂ ಬೇಡ. ಬೇಸಿಗೆಯಲ್ಲೂ ನೀರು ಬೇಡ, ಎದೆಹಾಲಿನಲ್ಲಿ ಹೆಚ್ಚು ಪಾಲು ನೀರೇ ಇದೆ. ಬಜೆ, ಸಕ್ಕರೆ ನೀರು, ಗ್ರೈಪ್ ವಾಟರ್ ಬೇಡ. ಜೇನುತುಪ್ಪವನ್ನಂತೂ ಒಂದು ವರ್ಷದವರೆಗೂ ನೆಕ್ಕಿಸಬಾರದು, ಅದರಿಂದ ಎಳೆ ಮಕ್ಕಳಿಗೆ ಬಾಟುಲಿಸಂ ಎಂಬ ಅಪಾಯಕಾರಿ ಕಾಯಿಲೆ ಬರಬಹುದು. ಡಾಕ್ಟರು ಬರೆದುಕೊಡುವ ವಿಟಮಿನ್ ಡಿ ಹನಿ, ದಿನಕ್ಕೆ 400 ಯೂನಿಟ್, ತಪ್ಪದೇ ಹಾಕಿ.

ಮನೆಯವರಿಗೊಂದು ಮಾತು

ಈ ಪುಟವನ್ನು ನಿಮ್ಮ ಅಮ್ಮನಿಗೂ, ಅತ್ತೆಗೂ, ಯಜಮಾನರಿಗೂ ಓದೋಕೆ ಕೊಡಿ. ಹಾಲು ಕುಡಿಸೋದು ಒಬ್ಬರೇ, ಆದರೆ ಮಿಕ್ಕಿದ್ದೆಲ್ಲ ಹಂಚಿಕೊಳ್ಳಬಹುದಲ್ಲ? ತೇಗು ಬರಿಸೋದು, ಲಂಗೋಟಿ ಬದಲಾಯಿಸೋದು, ಬಾಣಂತಿಗೆ ಒಂದು ಗಂಟೆ ನಿದ್ದೆ ಮಾಡಲು ಬಿಡೋದು, ನೋಡೋಕೆ ಬರೋ ನೆಂಟರನ್ನು ಹಾಲ್‌ನಲ್ಲೇ ಕೂರಿಸೋದು, ಎಲ್ಲಕ್ಕಿಂತ ಮುಖ್ಯವಾಗಿ 'ಹಾಲು ಸಾಲ್ತಿಲ್ಲ' ಅನ್ನೋ ಬದಲು 'ನೀನು ಚೆನ್ನಾಗಿ ಮಾಡ್ತಿದ್ದೀಯಮ್ಮ' ಅನ್ನೋದು. ನೋವು, ಆತಂಕ ಹೆಚ್ಚಿದ್ದಾಗ ಹಾಲು ಹರಿಯಲು ನೆರವಾಗುವ ಆಕ್ಸಿಟೋಸಿನ್ ಹಾರ್ಮೋನ್ ತಡವಾಗಿ ಕೆಲಸ ಮಾಡುತ್ತದೆ. ಹಾಗಾಗಿ ಸಮಾಧಾನದ ಮಾತೂ ಒಂದು ಔಷಧಿಯೇ.

ಡೆಲಿವರಿ ಆದ ಮೇಲೆ ಸ್ವಲ್ಪ ದಿನ ಸುಮ್ಮನೆ ಅಳು ಬರುವುದು ಸಾಮಾನ್ಯ. ಆದರೆ ಎರಡು ವಾರ ದಾಟಿದರೂ ಮನಸ್ಸು ಕುಗ್ಗಿದ್ದರೆ, ಮಗುವಿನ ಮೇಲೆ ಮನಸ್ಸೇ ಇಲ್ಲ ಅನ್ನಿಸಿದರೆ ಡಾಕ್ಟರಿಗೆ ಹೇಳಿ. ನಿಮಗೋ ಮಗುವಿಗೋ ಏನಾದರೂ ಮಾಡಿಬಿಡ್ತೀನೇನೋ ಅನ್ನೋ ಯೋಚನೆ ಬಂದರೆ ಎರಡು ವಾರ ಕಾಯಬೇಡಿ, ಆ ಕ್ಷಣವೇ ಮನೆಯವರಿಗೆ ಹೇಳಿ ಆಸ್ಪತ್ರೆಗೆ ಹೋಗಿ. ಸರ್ಕಾರದ ಉಚಿತ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಇದು ಕಾಯಿಲೆ, ನಿಮ್ಮ ತಾಯ್ತನದ ಕೊರತೆ ಅಲ್ಲ.

ತಕ್ಷಣ ಡಾಕ್ಟರಿಗೆ ತೋರಿಸಿ

* ಐದನೇ ದಿನದ ನಂತರವೂ ದಿನಕ್ಕೆ 6ಕ್ಕಿಂತ ಕಡಿಮೆ ಲಂಗೋಟಿ ಒದ್ದೆಯಾಗುತ್ತಿದ್ದರೆ, ಮೂತ್ರ ಗಾಢ ಬಣ್ಣಕ್ಕೆ ತಿರುಗಿದ್ದರೆ
* ಮಗು ಎಬ್ಬಿಸಿದರೂ ಏಳದೆ, ಕುಡಿಯಲು ಒಲ್ಲದೆ ಸೊರಗಿದ್ದರೆ
* ಮೈ, ಕಣ್ಣು ಹಳದಿಯಾಗಿದ್ದು ಹೆಚ್ಚುತ್ತಿದ್ದರೆ. ಹುಟ್ಟಿದ ಮೊದಲ ದಿನವೇ ಹಳದಿಯಾದರೆ
* ಮಗುವಿನ ಮೈ ಬಿಸಿಯಾಗಿದ್ದರೆ ಅಥವಾ ತಣ್ಣಗಾಗಿದ್ದರೆ, ಉಸಿರಾಟ ಜೋರಾಗಿದ್ದರೆ
* ಎರಡು ವಾರವಾದರೂ ಹುಟ್ಟಿದಾಗಿನ ತೂಕ ವಾಪಸ್ ಬರದಿದ್ದರೆ
* ತಾಯಿಗೆ ಜ್ವರ, ಎದೆಯಲ್ಲಿ ಕೆಂಪು ಗಂಟು, ಕೀವು ಕಾಣಿಸಿದರೆ

ಇವ್ಯಾವುವೂ ಇಲ್ಲ, ಲಂಗೋಟಿ ಲೆಕ್ಕ ಸರಿಯಿದೆ, ತೂಕ ಏರ್ತಿದೆ ಅಂದರೆ, ಯಾರು ಏನೇ ಅಂದರೂ ನಿಮ್ಮ ಹಾಲು ಸಾಲ್ತಿದೆ. ನಿಶ್ಚಿಂತೆಯಿಂದ ದಿಂಬಿಗೊರಗಿ ಕೂತು, ಇನ್ನೊಂದು ಸಲ ಮಗುವಿನ ಬಾಯಿ ಅಗಲ ತೆರೆಯೋವರೆಗೂ ಕಾಯಿರಿ.